ಪೆನ್ನಿನಲ್ಲಿ ಗಳಿಸಿ ಪರದೆಯಲ್ಲಿ ಕಳೆದ ಮಂಗಾ ದೊರೆ!

ಸಿನಿಮಾ ತೆಗೆದು ಮನೆ ಮಾರಿಕೊಂಡ ನಿರ್ಮಾಪಕರ ಕಥೆ ನಮ್ಮ ಓದುಗ ಮಿತ್ರರಿಗೆ ಹೊಸದೇನಲ್ಲ. ಆದರೆ ಬರೀ ಪೆನ್ನು, ಮಸಿ, ಕಾಗದ ಇಟ್ಟುಕೊಂಡು ಒಂದು ದೇಶದ ಮಕ್ಕಳನ್ನೆಲ್ಲ ಗೆದ್ದು, ಆ ದುಡ್ಡನ್ನೆಲ್ಲ ತಂದು ತಂದು ಸಿನಿಮಾಕ್ಕೆ ಸುರಿದು, ಕೊನೆಗೆ ಕಂಪನಿ ದಿವಾಳಿಯಾಗಿ ಬೀದಿಗೆ ಬಂದು, ಮತ್ತೆ ಅದೇ ಪೆನ್ನು ಹಿಡಿದು ಎದ್ದು ನಿಂತು, ಎದ್ದ ತಕ್ಷಣ ಪುನಃ ಸಿನಿಮಾಕ್ಕೇ ದುಡ್ಡು ಹಾಕಿದ ಆಸಾಮಿಯನ್ನು ನೋಡಿದ್ದೀರಾ? ಜಪಾನಿನಲ್ಲಿ ಒಬ್ಬನಿದ್ದ. ಹೆಸರು ಒಸಾಮು ಟೆಜುಕಾ!

ಮಂಗಾ ಎಂದಾಗ ನಗಬೇಡಿ. ಇದು ಮರ ಹತ್ತುವ ನಮ್ಮ ಮಂಗ ಅಲ್ಲ. ಚೌಕಟ್ಟು ಚೌಕಟ್ಟಾಗಿ ಚಿತ್ರ ಬರೆದು ಕಥೆ ಹೇಳುವ ಪುಸ್ತಕಕ್ಕೆ ಜಪಾನಿನವರು ಮಂಗಾ ಅಂತಾರೆ. ಅಲ್ಲಿ ಮಕ್ಕಳಷ್ಟೇ ಅಲ್ಲ, ಟೈ ಕಟ್ಟಿದ ಗುಮಾಸ್ತರೂ ರೈಲಿನಲ್ಲಿ ನಿಂತುಕೊಂಡೇ ಇದನ್ನು ಓದುತ್ತಾರೆ. ಆ ಮಂಗಾ ಲೋಕದ ದೊರೆ ಈ ಟೆಜುಕಾ. ಜಪಾನೀಯರು 'ಮಂಗಾ ದೇವರು' ಅಂತಲೇ ಕರೆದರು. ಆದರೆ ದೇವರ ಮನಸ್ಸು ಮಾತ್ರ ಬೇರೆ ಕಡೆ ಇತ್ತು. ಮಂಗಾ ನನ್ನ ಹೆಂಡತಿ, ಕಾರ್ಟೂನ್ ಸಿನಿಮಾ ನನ್ನ ಪ್ರೇಯಸಿ ಎಂದು ತಾನೇ ಹೇಳಿಕೊಂಡು ತಿರುಗುತ್ತಿದ್ದ. ಹೆಂಡತಿ ಸಂಪಾದಿಸಿ ತಂದಿದ್ದನ್ನೆಲ್ಲ ಪ್ರೇಯಸಿಗೆ ಕೊಟ್ಟರೆ ಏನಾಗುತ್ತದೆ? ಅದೇ ಈ ಕಥೆ.

ಮನೆಯೇ ಟಾಕೀಸು

ಟೆಜುಕಾ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಹತ್ತಿರದ ಟೊಯೊನಾಕಾದಲ್ಲಿ. ಬೆಳೆದದ್ದು ಟಕರಾಜುಕಾ ಎಂಬ ಊರಿನಲ್ಲಿ. ಈ ಊರಿನ ವಿಶೇಷ ಕೇಳಿ: ಅಲ್ಲೊಂದು ನಾಟಕ ಕಂಪನಿ, ಅದರಲ್ಲಿ ಇರುವವರೆಲ್ಲ ಹುಡುಗಿಯರೇ! ರಾಜಕುಮಾರನ ಪಾತ್ರವೂ ಹುಡುಗಿಯದೇ. ಅಮ್ಮ ಮಗನ ಕೈ ಹಿಡಿದು ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಅಪ್ಪ ಇನ್ನೂ ಒಂದು ಕೈ ಮೇಲೆ. ಮನೆಗೇ ಪುಟ್ಟ ಪ್ರೊಜೆಕ್ಟರ್ ತಂದಿಟ್ಟಿದ್ದ. ಗೋಡೆಯ ಮೇಲೆ ಚಾಪ್ಲಿನ್, ಡಿಸ್ನಿಯ ಮಿಕ್ಕಿ ಮೌಸ್! ಅದೂ 1930ರ ದಶಕದಲ್ಲಿ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಸಿನಿಮಾ ಹುಚ್ಚು ಹಿಡಿಯದೆ ಇನ್ನೇನಾದೀತು?

ಶಾಲೆಯಲ್ಲಿ ಮಾತ್ರ ಪಾಪ, ಗುಂಗುರು ಕೂದಲು, ಕನ್ನಡಕ, ಕಡ್ಡಿ ಮೈ. ಹುಡುಗರು ಗೋಳು ಹೊಯ್ದುಕೊಳ್ಳುತ್ತಿದ್ದರು. ಹೊಡೆದಾಡಿ ಗೆಲ್ಲಲಾಗದವನು ಚಿತ್ರ ಬರೆದು ಗೆದ್ದ. ನೋಟ್‌ಬುಕ್ಕಿನಲ್ಲಿ ಮಂಗಾ ಬರೆದು ತೋರಿಸಿದ್ದೇ ತಡ, ಚುಡಾಯಿಸುತ್ತಿದ್ದವರೇ ಮುಂದಿನ ಕಂತು ಯಾವಾಗ ಎಂದು ಹಿಂದೆ ಬಿದ್ದರು. ಹುಳುಗಳನ್ನು ಹಿಡಿದು ಅಭ್ಯಾಸ ಮಾಡುವುದು ಇನ್ನೊಂದು ಗೀಳು. 'ಒಸಾಮುಷಿ' ಎಂಬ ಜೀರುಂಡೆ ಜಾತಿಯ ಹುಳವೊಂದಿದೆ. ತನ್ನ ಹೆಸರಿಗೂ ಅದಕ್ಕೂ ಹೊಂದುತ್ತದೆಂದು ಹೆಸರಿನ ಕೊನೆಗೆ ಹುಳ ಎಂಬ ಅಕ್ಷರವನ್ನೇ ಸೇರಿಸಿ ಸಹಿ ಮಾಡತೊಡಗಿದ.

ಸುಟ್ಟ ಊರಿನಲ್ಲಿ ಒಂದು ಮ್ಯಾಟ್ನಿ

ಅಷ್ಟರಲ್ಲಿ ಯುದ್ಧ. ಹದಿನಾರು ವರ್ಷದ ಹುಡುಗನನ್ನು ಒಸಾಕಾದ ಯುದ್ಧಸಾಮಗ್ರಿ ಕಾರ್ಖಾನೆಗೆ ಕೆಲಸಕ್ಕೆ ಹಾಕಿದರು. 1945ರ ಮಾರ್ಚ್‌ನಲ್ಲಿ ಅಮೆರಿಕದ ಬಾಂಬರುಗಳು ಬಂದು ಊರಿನ ನಡುಭಾಗವನ್ನೇ ಸುಟ್ಟು ಹಾಕಿದವು. ಏಪ್ರಿಲ್‌ನಲ್ಲಿ, ಆ ಬೂದಿಯ ಮಧ್ಯೆ ಹೇಗೋ ಉಳಿದುಕೊಂಡಿದ್ದ ಶೊಚಿಕುಜಾ ಚಿತ್ರಮಂದಿರದಲ್ಲಿ ಒಂದು ಕಾರ್ಟೂನ್ ಚಿತ್ರ ಬಿಡುಗಡೆಯಾಯಿತು. ಹೆಸರು 'ಮೊಮೊತಾರೊ: ಸಮುದ್ರದ ದೈವಸೈನಿಕರು'. ನೌಕಾದಳ ದುಡ್ಡು ಹಾಕಿ ತೆಗೆಸಿದ ಪ್ರಚಾರದ ಚಿತ್ರ ಅದು. ಮಕ್ಕಳಿಗೆಂದು ಮಾಡಿದ್ದು. ಆದರೆ ನೋಡಲು ಊರಿನಲ್ಲಿ ಮಕ್ಕಳೇ ಇಲ್ಲ! ಬಾಂಬಿನ ಭಯಕ್ಕೆ ಎಲ್ಲರನ್ನೂ ಹಳ್ಳಿಗಳಿಗೆ ಸಾಗಿಸಿದ್ದರು. ಖಾಲಿ ಕುರ್ಚಿಗಳ ನಡುವೆ ಕೂತು ನಮ್ಮ ಟೆಜುಕಾ ಆ ಚಿತ್ರ ನೋಡಿದ.

ನೋಡಿ ಅತ್ತುಬಿಟ್ಟ. ಯುದ್ಧಪ್ರಚಾರಕ್ಕಲ್ಲ. ಗಾಳಿಗೆ ತೇಲುವ ಹೂವಿನ ಎಳೆ, ಪ್ರಾಣಿಗಳ ಹಾಡು, ಅದರ ಕನಸಿನಂಥ ಚಿತ್ರಣಕ್ಕೆ ಅತ್ತ. ಒಂದಲ್ಲ ಒಂದು ದಿನ ನಾನೂ ಇಂಥದೊಂದು ಸಿನಿಮಾ ಮಾಡೇ ಮಾಡುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದ. ಎರಡು ತಿಂಗಳ ನಂತರ, ಜೂನ್‌ನಲ್ಲಿ, ಕಾರ್ಖಾನೆಯ ಕಾವಲುಗೋಪುರದ ಮೇಲೆ ಇದ್ದಾಗಲೇ ಬಾಂಬ್ ದಾಳಿ. ಸುತ್ತ ಹೆಣಗಳು. ಇವನೊಬ್ಬ ಬದುಕಿ ಬಂದದ್ದೇ ಆಶ್ಚರ್ಯ. ಆ ದಿನ ಕಂಡದ್ದು ಕೊನೆತನಕ ಇವನ ಕಥೆಗಳಲ್ಲಿ ಬರುತ್ತಲೇ ಇತ್ತು.

ಕಾಗದದ ಮೇಲೆ ಕ್ಯಾಮೆರಾ!

ಯುದ್ಧ ಮುಗಿದ ಮೇಲೆ ಟೆಜುಕಾ ಓದಿದ್ದು ಡಾಕ್ಟರಿಕೆ! ಒಸಾಕಾದಲ್ಲಿ ಹಗಲು ವೈದ್ಯಕೀಯ ಪಾಠ, ರಾತ್ರಿ ಮಂಗಾ. 1946ರ ಜನವರಿಯಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ನಾಲ್ಕು ಚೌಕದ ಚಿತ್ರಗಳಿಂದ ಶುರು. ಮರುವರ್ಷ ಬಂತು ನೋಡಿ 'ಹೊಸ ನಿಧಿದ್ವೀಪ'! ಸಕಾಯ್ ಶಿಚಿಮಾ ಎಂಬ ಹಿರಿಯ ಕಲಾವಿದನ ಕಲ್ಪನೆ, ಟೆಜುಕಾನ ಚಿತ್ರ. ಕಳಪೆ ಕಾಗದದ, ಕೆಂಪು ರಟ್ಟಿನ, ಆಟದ ಸಾಮಾನಿನ ಅಂಗಡಿಯಲ್ಲಿ ಮಾರುವ ಅಗ್ಗದ ಪುಸ್ತಕ. ನಾಲ್ಕು ಲಕ್ಷ ಪ್ರತಿ ಹೋಯಿತು ಅನ್ನುತ್ತಾರೆ. ತಿನ್ನಲು ಅನ್ನವಿಲ್ಲದ ಕಾಲದಲ್ಲಿ!

ಏನಿತ್ತು ಅದರಲ್ಲಿ? ಸಿನಿಮಾ ಇತ್ತು! ಅಲ್ಲಿಯವರೆಗೆ ಮಂಗಾ ಎಂದರೆ ನಾಟಕದ ಹಾಗೆ. ರಂಗದ ಮೇಲೆ ನಿಂತವರನ್ನು ಎದುರಿನಿಂದ ನೋಡಿದಂತೆ, ತಲೆಯಿಂದ ಕಾಲಿನವರೆಗೆ ಒಂದೇ ಅಳತೆ. ಟೆಜುಕಾನ ಪುಸ್ತಕ ತೆಗೆದರೆ ಒಬ್ಬ ಹುಡುಗ ಕಾರಿನಲ್ಲಿ ಬಂದರಿನ ಕಡೆ ಧಾವಿಸುತ್ತಾನೆ. ಒಂದು ಚೌಕದಲ್ಲಿ ದೂರದಿಂದ ಕಾರು, ಇನ್ನೊಂದರಲ್ಲಿ ಹತ್ತಿರ, ಮತ್ತೊಂದರಲ್ಲಿ ಮುಖದ ಕ್ಲೋಸಪ್. ಮಾತು ಕಡಿಮೆ, ಓಟ ಹೆಚ್ಚು. ಪುಟ ತಿರುಗಿಸುವ ಹುಡುಗರಿಗೆ ಕಾರು ನಿಜವಾಗಿ ಓಡಿದ ಹಾಗೆ! ಸಿನಿಮಾ ತೆಗೆಯಲು ದುಡ್ಡಿಲ್ಲದವನು ಕಾಗದದ ಮೇಲೇ ಕ್ಯಾಮೆರಾ ಇಟ್ಟುಬಿಟ್ಟಿದ್ದ. ದೂರದ ಊರೊಂದರಲ್ಲಿ ಇದನ್ನು ಓದಿ ಬೆರಗಾದ ಇಬ್ಬರು ಹುಡುಗರು ಮುಂದೆ ಫುಜಿಕೊ ಫುಜಿಯೊ ಎಂಬ ಜೋಡಿ ಹೆಸರಿನಲ್ಲಿ ಬರೆದರು. ಅವರಲ್ಲಿ ಒಬ್ಬನ ಸೃಷ್ಟಿಯೇ ನಮ್ಮ ಮನೆಗಳ ಟೀವಿಗೂ ಬಂದ 'ಡೋರೇಮಾನ್'.

ಡಾಕ್ಟರೋ ಮಂಗಾವೋ ಎಂದು ತೊಳಲಾಡುತ್ತಿದ್ದಾಗ ಅಮ್ಮನನ್ನು ಕೇಳಿದನಂತೆ. ನಿನಗೆ ನಿಜವಾಗಿ ಯಾವುದು ಇಷ್ಟ ಎಂದಳು. ಮಂಗಾ ಎಂದ. ಹಾಗಾದರೆ ಅದನ್ನೇ ಮಾಡು ಎಂದುಬಿಟ್ಟಳು. ಡಾಕ್ಟರ್ ಮಗನನ್ನು ಹೀಗೆ ಬಿಟ್ಟುಕೊಡುವ ತಾಯಿ ಎಷ್ಟು ಜನರಿಗೆ ಸಿಗುತ್ತಾಳೆ ಹೇಳಿ! ಆದರೂ ಛಲ ಬಿಡದೆ ವೈದ್ಯ ಪರೀಕ್ಷೆ ಪಾಸು ಮಾಡಿದ. 1961ರಲ್ಲಿ ಕೆರೆಯ ಬಸವನಹುಳದ ಜೀವಕೋಶಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಕೂಡ ತೆಗೆದುಕೊಂಡ.

ಪಾತ್ರಗಳಿಗೂ ಸಂಭಾವನೆ

ಈಗ ಹೇಳುವ ಸಂಗತಿ ಸಿನಿಮಾ ರಸಿಕರು ಚಪ್ಪರಿಸುವಂಥದ್ದು. ಟೆಜುಕಾ ತನ್ನ ಪಾತ್ರಗಳನ್ನು ಪಾತ್ರ ಎಂದು ನೋಡಲೇ ಇಲ್ಲ, ನಟರೆಂದು ನೋಡಿದ! ತನ್ನದೊಂದು ಸ್ಟುಡಿಯೋ, ಅದರಲ್ಲಿ ಸಂಬಳದ ನಟರು. ಇವತ್ತು ಈ ಕಥೆಯಲ್ಲಿ ಇವನು, ನಾಳೆ ಬೇರೆ ಕಥೆಯಲ್ಲಿ ಬೇರೆ ವೇಷ. ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಸಂಭಾವನೆ ಎಂದು ಲೆಕ್ಕ ಕೂಡ ಬರೆದಿಟ್ಟಿದ್ದ! ದಪ್ಪ ಬಿಳಿ ಮೀಸೆಯ ಹಿಗೆಒಯಾಜಿ ಒಂದು ಕಡೆ ಪತ್ತೇದಾರ, ಇನ್ನೊಂದು ಕಡೆ ಶಾಲಾ ಮೇಷ್ಟ್ರು. ನಮ್ಮ ಚಿತ್ರಗಳ ಪೋಷಕ ನಟರಿದ್ದಂತೆ, ಎಲ್ಲಿ ಹಾಕಿದರೂ ಸೈ. ಲ್ಯಾಂಪ್ ಎಂಬ ಖಳನಟ ಇನ್ನೊಬ್ಬ. ಅವನ ತಲೆಯ ಹಿಂದೆ ಆಗಾಗ ಒಂದು ಮೇಣದಬತ್ತಿ ಹತ್ತಿಕೊಳ್ಳುತ್ತದೆ!

ಎಲ್ಲರಿಗಿಂತ ಸ್ವಾರಸ್ಯದವನು ರಾಕ್. 1949ರಲ್ಲಿ ಮುದ್ದು ಮುಖದ ಬಾಲ ಪತ್ತೇದಾರನಾಗಿ, ನಾಯಕನಾಗಿಯೇ ಪರಿಚಯವಾದ. ವರ್ಷ ಕಳೆದಂತೆ ಒಳ್ಳೆಯ ಹುಡುಗನ ಪಾತ್ರ ಹಳಸಿತು. ಟೆಜುಕಾ ಏನು ಮಾಡಿದ ಗೊತ್ತೇ? 1966ರ 'ವ್ಯಾಂಪೈರ್ಸ್'ನಲ್ಲಿ ಅವನಿಗೆ ಹೃದಯವೇ ಇಲ್ಲದ ಖಳನ ಪಾತ್ರ ಕೊಟ್ಟ. ಅದೇ ಮುದ್ದು ಮುಖ, ಒಳಗೆ ವಿಷ! ಹೀರೋ ಆಗಿದ್ದವನು ವಿಲನ್ ಆಗಿ ಮೊದಲಿಗಿಂತ ಹೆಸರು ಮಾಡಿದ. ಹಿಚ್‌ಕಾಕ್ ತನ್ನ ಚಿತ್ರಗಳಲ್ಲಿ ಒಂದು ಕ್ಷಣ ಮುಖ ತೋರಿಸಿ ಹೋಗುತ್ತಿದ್ದನಲ್ಲ, ಹಾಗೆ ಟೆಜುಕಾ ಕೂಡ ಬೆರೆಟ್ ಟೋಪಿ, ದಪ್ಪ ಮೂಗಿನೊಂದಿಗೆ ತನ್ನ ಕಥೆಗಳಲ್ಲಿ ನುಸುಳಿ ಹೋಗುತ್ತಿದ್ದ.

1950ರಲ್ಲಿ ಸಿಂಹದ ಮರಿಯ ಕಥೆ 'ಜಂಗಲ್ ತೈತೆಯ್', ಅಂದರೆ ಕಾಡಿನ ಚಕ್ರವರ್ತಿ. 1951-52ರಲ್ಲಿ ಯಂತ್ರ ಬಾಲಕ ಆಟಮ್. 1953ರಲ್ಲಿ ಗಂಡುವೇಷದ ರಾಜಕುಮಾರಿಯ ಕಥೆ, ಟಕರಾಜುಕಾ ನಾಟಕದ ಋಣ. ಪತ್ರಿಕೆಗಳವರು ಕಂತಿಗಾಗಿ ಮನೆ ಬಾಗಿಲಲ್ಲೇ ಠಿಕಾಣಿ ಹೂಡುತ್ತಿದ್ದರು. ಹುಡುಗ ಸಿನಿಮಾ ಮಾತ್ರ ಬಿಡಲಿಲ್ಲ. 1951ರಲ್ಲಿ ಡಿಸ್ನಿಯ 'ಬ್ಯಾಂಬಿ' ಜಪಾನಿಗೆ ಬಂದಾಗ 80ಕ್ಕೂ ಹೆಚ್ಚು ಸಲ ನೋಡಿದೆ ಎಂದು ಹೇಳಿಕೊಂಡಿದ್ದಾನೆ. ಅಭಿಮಾನ ಎಂದರೆ ಅದು!

ಆಟಮ್ ಬಂದ, ರೇಟು ಬಿತ್ತು

1961ರಲ್ಲಿ ಸ್ವಂತ ಸ್ಟುಡಿಯೋ. ಹೆಸರು 'ಮುಷಿ ಪ್ರೊಡಕ್ಷನ್', ಅಂದರೆ ಹುಳ ಪ್ರೊಡಕ್ಷನ್! ಮಂಗಾದಿಂದ ಬಂದ ಗಳಿಕೆಯೇ ಬಂಡವಾಳ. ಮೊದಲಿಗೆ ಒಂದು ಕಲಾತ್ಮಕ ಚಿತ್ರ ಮಾಡಿದರು, ಬೀದಿಯ ಮೂಲೆಯೊಂದರ ಕಥೆ. ಮೆಚ್ಚುಗೆ ಬಂತು, ದುಡ್ಡು ಬರಲಿಲ್ಲ. ಸಂಬಳ ಕೊಡಬೇಕಲ್ಲ? ಆಗ ಟೆಜುಕಾ ಯಾರೂ ಮಾಡದ ಸಾಹಸಕ್ಕೆ ಕೈ ಹಾಕಿದ. ವಾರ ವಾರ ಅರ್ಧ ಗಂಟೆಯ ಕಾರ್ಟೂನ್, ಟೀವಿಗೆ!

ಗೆಳೆಯರೇ, ಇದರ ಕಷ್ಟ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಿನಿಮಾ ರೀಲಿನಲ್ಲಿ ಒಂದು ಸೆಕೆಂಡಿಗೆ 24 ಚೌಕ ಓಡುತ್ತವೆ. ಡಿಸ್ನಿಯವರು ಸೆಕೆಂಡಿಗೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ ಬರೆದು ಒಂದು ಚಿತ್ರಕ್ಕೆ ವರ್ಷಗಟ್ಟಲೆ ಕೂರುತ್ತಿದ್ದರು. ಇಲ್ಲಿ ಇರುವುದು ಒಂದು ವಾರ! ಟೆಜುಕಾನ ಗುಂಪು ಕಂಡುಕೊಂಡ ಉಪಾಯಗಳು ಒಂದೆರಡಲ್ಲ. ಮೂರು ಚೌಕಕ್ಕೆ ಒಂದೇ ಚಿತ್ರ. ಮಾತಾಡುವಾಗ ಮುಖ ಅಲ್ಲಾಡದು, ಬಾಯಿ ಮಾತ್ರ ಅಲ್ಲಾಡುತ್ತದೆ. ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಸಿದರೆ ಓಟದ ಭ್ರಮೆ. ಆಟಮ್ ಆಕಾಶಕ್ಕೆ ಹಾರುವ ದೃಶ್ಯ ಒಮ್ಮೆ ಬರೆದು ಬೀರುವಿನಲ್ಲಿಟ್ಟರೆ, ಪ್ರತಿ ಕಂತಿನಲ್ಲೂ ಅದನ್ನೇ ತೆಗೆದು ಜೋಡಿಸಬಹುದು. ಇದಕ್ಕೆ 'ಬ್ಯಾಂಕ್' ಅಂತಲೇ ಹೆಸರಿಟ್ಟಿದ್ದರು. ಅಷ್ಟು ಮಾಡಿದರೂ ನಿದ್ದೆಯಿಲ್ಲ. ರಾತ್ರಿಯೆಲ್ಲ ಬರೆದು ಮೇಜಿನ ಕೆಳಗೇ ಮಲಗುತ್ತಿದ್ದರು.

1963ರ ಜನವರಿ 1ರಂದು ಫುಜಿ ಟೀವಿಯಲ್ಲಿ 'ತೆತ್ಸುವಾನ್ ಆಟಮ್' ಬಂತು. ಭರ್ಜರಿ ಹಿಟ್! ಒಂದು ಹಂತದಲ್ಲಿ ನೋಡುಗರ ಪ್ರಮಾಣ ಶೇಕಡಾ 40 ದಾಟಿತು. ಪ್ರಾಯೋಜಕರಾದ ಮೆಯ್ಜಿ ಕಂಪನಿ ಚಾಕಲೇಟಿನ ಜೊತೆ ಆಟಮ್ ಸ್ಟಿಕ್ಕರ್ ಕೊಟ್ಟರೆ ಹುಡುಗರು ಮುಗಿಬಿದ್ದರು. ಅದೇ ವರ್ಷ ಅಮೆರಿಕದವರು ಕೊಂಡು 'ಆಸ್ಟ್ರೋ ಬಾಯ್' ಎಂದು ಹೆಸರಿಟ್ಟು ಅಲ್ಲೂ ಓಡಿಸಿದರು. 1966ರ ಕೊನೆಯವರೆಗೆ 193 ಕಂತು!

ಆದರೆ ರೇಟು? ಇಲ್ಲೇ ಇರುವುದು ಎಡವಟ್ಟು. ಕಂತಿಗೆ 5 ಲಕ್ಷ 50 ಸಾವಿರ ಯೆನ್ನಿಗೆ ಒಪ್ಪಿಕೊಂಡೆ ಎಂದು ಟೆಜುಕಾನೇ ಬರೆದಿದ್ದಾನೆ. ಕೈಗೆ ಬಂದ ಮೊತ್ತ ಅದಕ್ಕಿಂತ ಹೆಚ್ಚಿತ್ತು ಎಂದು ಆಮೇಲೆ ಲೆಕ್ಕ ಕೆದಕಿದವರು ಹೇಳುತ್ತಾರೆ. ಏನೇ ಇರಲಿ, ತಯಾರಿಕೆಯ ಖರ್ಚು ಅದಕ್ಕೂ ಎಷ್ಟೋ ಮೇಲಿತ್ತು. ಕಮ್ಮಿ ಹೇಳಿದರೆ ಟೀವಿಯವರು ಒಪ್ಪುತ್ತಾರೆ, ಬೇರೆ ಯಾರೂ ಪೈಪೋಟಿಗೆ ಬರುವುದಿಲ್ಲ, ನಷ್ಟವನ್ನು ಮಂಗಾದ ದುಡ್ಡಿನಲ್ಲಿ ತುಂಬಿದರಾಯಿತು ಎಂಬ ಎಣಿಕೆ. ಎಣಿಕೆ ತಲೆಕೆಳಗಾಯಿತು. ಅದೇ ವರ್ಷ ಮೂರು ನಾಲ್ಕು ಪೈಪೋಟಿ ಸರಣಿಗಳು ಬಂದವು! ಟೀವಿಯವರು ಅವರಿಗೂ ಅದೇ ಅಗ್ಗದ ರೇಟು ತೋರಿಸಿದರು. ದೊಡ್ಡ ತಪ್ಪು ಮಾಡಿದೆ ಎಂದು ಟೆಜುಕಾ ಆಮೇಲೆ ಕೈ ಕೈ ಹಿಸುಕಿಕೊಂಡ. ಮಂಗಾ ಬರೆದು ನಷ್ಟ ತುಂಬಲು ಅವನಿಗೆ ಸಾಧ್ಯವಿತ್ತು. ಮೇಜಿನ ಮುಂದೆ ಕೂತು ಚಿತ್ರ ಬರೆಯುವ ಸಾವಿರಾರು ಹುಡುಗ ಹುಡುಗಿಯರಿಗೆ ಅಂಥ ಇನ್ನೊಂದು ಗಳಿಕೆ ಎಲ್ಲಿತ್ತು?

ಇನ್ನೊಂದು ಮಾತನ್ನೂ ಹೇಳಬೇಕು. ಆ ಹುಳ ಕಂಪನಿಯ ಗರಡಿಯಲ್ಲಿ ಪಳಗಿದವರೇ ಮುಂದೆ ಜಪಾನಿನ ಘಟಾನುಘಟಿ ನಿರ್ದೇಶಕರಾದರು. ರಿಂತಾರೊ, ಒಸಾಮು ದೆಜಾಕಿ, 1979ರಲ್ಲಿ 'ಗುಂಡಮ್' ಮಾಡಿದ ಯೊಶಿಯುಕಿ ತೊಮಿನೊ, ಎಲ್ಲರೂ ಅಲ್ಲಿಂದ ಬಂದವರೇ. ಆಟಮ್ ಅಗ್ಗಕ್ಕೆ ಹೋಗದಿದ್ದರೆ ಇವರಿಗೆಲ್ಲ ಕೆಲಸ ಸಿಗುತ್ತಿತ್ತೇ? ನನಗೇನೋ ಅನುಮಾನ. ದುಬಾರಿ ಬೆಲೆ ಹೇಳಿದ್ದರೆ ಟೀವಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕ್ಯೂಬ್ರಿಕ್ ಕರೆದರೂ ಹೋಗಲಿಲ್ಲ!

'2001: ಎ ಸ್ಪೇಸ್ ಒಡಿಸ್ಸಿ' ಎಂಬ 1968ರ ಮಹಾಚಿತ್ರ ಕೇಳಿದ್ದೀರಿ ತಾನೆ? ಅದರ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಟೀವಿಯಲ್ಲಿ ಆಟಮ್ ನೋಡಿ, ನನ್ನ ಚಿತ್ರಕ್ಕೆ ಕಲಾ ನಿರ್ದೇಶನ ಮಾಡಲು ಬರುತ್ತೀರಾ ಎಂದು ಟೆಜುಕಾಗೆ ಕಾಗದ ಬರೆದನಂತೆ. ಇದು ಟೆಜುಕಾನೇ ಹೇಳಿದ ಕಥೆ. ಒಂದು ವರ್ಷ ಇಂಗ್ಲೆಂಡಿನಲ್ಲಿ ಇರಬೇಕಿತ್ತು. ನಾನು 260 ಜನರ ಹೊಟ್ಟೆ ನೋಡಬೇಕು, ಬರಲಾರೆ ಎಂದು ಉತ್ತರ ಕೊಟ್ಟ. ಅಷ್ಟು ದೊಡ್ಡ ಸಂಸಾರವೇ ಎಂದು ಕ್ಯೂಬ್ರಿಕ್ ದಂಗಾದನಂತೆ! ಆ 260 ಜನ ಮನೆಯವರಲ್ಲ, ಸ್ಟುಡಿಯೋದ ಕೆಲಸಗಾರರು. 1964ರಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲಿ ಆರಾಧ್ಯದೈವ ವಾಲ್ಟ್ ಡಿಸ್ನಿಯೇ ಎದುರಾಗಿ, ಆಸ್ಟ್ರೋ ಬಾಯ್ ನನಗೆ ಗೊತ್ತು ಎಂದಾಗ ಮನುಷ್ಯ ನೆಲದ ಮೇಲೆ ಇರಲಿಲ್ಲ.

1965ರಲ್ಲಿ ಸಿಂಹದ ಮರಿಯ ಕಥೆಯನ್ನು ಬಣ್ಣದಲ್ಲಿ ಟೀವಿಗೆ ತಂದ. ಜಪಾನಿನ ಮೊದಲ ವರ್ಣ ಕಾರ್ಟೂನ್ ಧಾರಾವಾಹಿ ಅದೇ. ಮೂವತ್ತು ವರ್ಷದ ನಂತರ, 1994ರಲ್ಲಿ ಡಿಸ್ನಿಯವರ 'ಲಯನ್ ಕಿಂಗ್' ಬಂದಾಗ, ಇದು ನಮ್ಮ ಟೆಜುಕಾನ ಸಿಂಹ ಅಲ್ಲವೇ ಎಂದು ಜಪಾನಿನ ಕಲಾವಿದರು ಸಹಿ ಹಾಕಿ ಪತ್ರ ಬರೆದರು. ಡಿಸ್ನಿಯವರು ಇಲ್ಲ ಎಂದರು. ಟೆಜುಕಾನ ಮನೆಯವರು ಕೋರ್ಟಿಗೆ ಹೋಗಲಿಲ್ಲ. ಡಿಸ್ನಿಯನ್ನು ಅಷ್ಟು ಪೂಜಿಸಿದವನ ಮನೆಯವರು ಇನ್ನೇನು ಮಾಡಿಯಾರು!

ದಿವಾಳಿ

ಆಮೇಲೆ ಇಳಿಗಾಲ. ದೊಡ್ಡವರಿಗೆಂದು 1969ರಲ್ಲಿ 'ಸಾವಿರದೊಂದು ರಾತ್ರಿಗಳು' ತೆಗೆದ. ಜನ ನೋಡಿದರು, ಖರ್ಚು ಕೈಮೀರಿತು. 1970ರ 'ಕ್ಲಿಯೋಪಾತ್ರ' ನೆಲಕಚ್ಚಿತು. ಅತ್ತ ಮಂಗಾದಲ್ಲೂ ಹೊಸ ಗಾಳಿ. ರಕ್ತ, ಬೆವರು, ಬಡತನವನ್ನು ಒರಟು ಗೆರೆಯಲ್ಲಿ ಬರೆಯುವ ಯುವಕರು ಬಂದಿದ್ದರು. ಅವರ ಮುಂದೆ ಟೆಜುಕಾನ ದುಂಡು ದುಂಡು ಮುಖಗಳು ಹಳೇ ಕಾಲದ್ದಾಗಿ ಕಂಡವು. 1971ರಲ್ಲಿ ಕಂಪನಿಯ ಅಧ್ಯಕ್ಷಗಿರಿ ಬಿಟ್ಟ. 1973ರ ನವೆಂಬರ್‌ನಲ್ಲಿ ಹುಳ ಕಂಪನಿ ದಿವಾಳಿ ಎದ್ದಿತು. ಸಾಲಗಾರರು ಬಾಗಿಲಿಗೆ ಬಂದರು. ಇದ್ದ ಮನೆಯೂ ಹೋಯಿತು. ವಯಸ್ಸು ಆಗ 45.

ಅದೇ ನವೆಂಬರ್‌ನಲ್ಲೇ ಪವಾಡ! 'ಶೋನೆನ್ ಚಾಂಪಿಯನ್' ವಾರಪತ್ರಿಕೆಯ ಸಂಪಾದಕ ಕಬೆಮುರಾ, ಇಷ್ಟು ದೊಡ್ಡ ಕಲಾವಿದ ಮೂಲೆಗೆ ಬಿದ್ದಿದ್ದಾನೆ, ನಾಲ್ಕೈದು ಕಂತು ಕೊಟ್ಟು ಗೌರವವಾಗಿ ಬೀಳ್ಕೊಡೋಣ ಎಂದು ಜಾಗ ಕೊಟ್ಟ. ಟೆಜುಕಾ ಬರೆದದ್ದು 'ಬ್ಲ್ಯಾಕ್ ಜ್ಯಾಕ್'. ಮುಖದ ಮೇಲೆ ಹೊಲಿಗೆ, ಅರ್ಧ ಬಿಳಿ ಅರ್ಧ ಕಪ್ಪು ಕೂದಲು, ಕರಿ ಕೋಟು, ಲೈಸೆನ್ಸೇ ಇಲ್ಲದ ಸರ್ಜನ್! ಶ್ರೀಮಂತರಿಂದ ಕೋಟಿಗಟ್ಟಲೆ ಕೀಳುತ್ತಾನೆ, ಮನಸ್ಸು ಕರಗಿದರೆ ಬಡವನಿಗೆ ಬಿಟ್ಟಿ ಆಪರೇಷನ್ ಮಾಡುತ್ತಾನೆ. ಎಂದೋ ಓದಿ ಮೂಲೆಗಿಟ್ಟಿದ್ದ ಡಾಕ್ಟರಿಕೆ ಕೈ ಹಿಡಿಯಿತು ನೋಡಿ! ಹಳೆಯ ನಟರೆಲ್ಲ, ಆ ಮೀಸೆಯವನು, ಲ್ಯಾಂಪ್, ರಾಕ್, ರೋಗಿಗಳಾಗಿ ಬಂದು ಮೇಜಿನ ಮೇಲೆ ಮಲಗಿದರು. ನಾಲ್ಕೈದು ಕಂತಿಗೆಂದು ಶುರುವಾದದ್ದು ಹತ್ತು ವರ್ಷ ನಡೆದು 240 ದಾಟಿತು!

ನಮ್ಮ ನೆಲದ ಕಥೆಯನ್ನೂ ಈತ ಬಿಡಲಿಲ್ಲ. 1972ರಿಂದ 1983ರವರೆಗೆ 'ಬುದ್ಧ'. ಕಪಿಲವಸ್ತುವಿನ ಸಿದ್ಧಾರ್ಥನ ಕಥೆಯೇ, ಆದರೆ ಶುರುವಾಗುವುದು ಅರಮನೆಯಲ್ಲಲ್ಲ. ಗುಲಾಮ ಹುಡುಗ ಛಪ್ರ, ಜಾತಿಯಿಂದ ಹೊರಗಿಟ್ಟವರ ಹುಡುಗ ತತ್ತ, ಇವರಿಂದ. ಇಬ್ಬರೂ ಟೆಜುಕಾನ ಕಲ್ಪನೆ. ಶಾಸ್ತ್ರದವರು ಮುಖ ಸಿಂಡರಿಸಬಹುದು, ಆದರೆ ಓದಲು ಕೂತರೆ ಕೆಳಗಿಡಲಾಗದು. ಇಂಗ್ಲಿಷಿನಲ್ಲಿ ಎಂಟು ಸಂಪುಟವಾಗಿ ಬಂದಿದೆ.

ತನ್ನ ಮೇಲೆ ತಾನೇ ತೀರ್ಪು

ದುಡ್ಡು ಬಂತು. ಬುದ್ಧಿ ಬಂತೇ? ಎಲ್ಲಿ ಬರುತ್ತೆ! ಮತ್ತೆ ಸಿನಿಮಾ. ಈ ಸಲ ಗಲ್ಲಾಪೆಟ್ಟಿಗೆಯ ಹಂಗಿಲ್ಲದ ಪುಟ್ಟ ಪುಟ್ಟ ಚಿತ್ರಗಳು. 1984ರ 'ಜಂಪಿಂಗ್' ಆರು ನಿಮಿಷದ್ದು. ಜಿಗಿಯುವವನ ಕಣ್ಣಿನಿಂದಲೇ ಇಡೀ ಚಿತ್ರ, ಕಟ್ ಎಂಬುದೇ ಇಲ್ಲ. ಬೀದಿ, ಕಾಡು, ಕಡಲು ದಾಟಿ ಯುದ್ಧಭೂಮಿಗೆ, ಅಲ್ಲಿಂದ ನರಕಕ್ಕೇ ಜಿಗಿತ! ಜಾಗ್ರೆಬ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಹೊಡೆಯಿತು.

1988ರಲ್ಲಿ ತೆರೆ ಕಂಡ 'ಕಾಡಿನ ಐತಿಹ್ಯ' ನನ್ನ ಪ್ರಕಾರ ಅವನ ಬದುಕಿನ ಲೆಕ್ಕಪತ್ರವೇ ಸರಿ. ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿ ಹಿನ್ನೆಲೆಗೆ. ಕಾಡು ಕಡಿಯುವವರಿಗೂ ಕಾಡಿನ ಜೀವಗಳಿಗೂ ಜಗಳ. ಕೊನೆಯ ಭಾಗದಲ್ಲಿ ಕಾಡಿನ ಕಿನ್ನರರು, ಪ್ರಾಣಿಗಳು ಡಿಸ್ನಿಯ ಹಾಗೆ ಮೈಯೆಲ್ಲ ಬಳುಕುತ್ತ ಪೂರ್ತಿ ಚಲನೆಯಲ್ಲಿ ಬರುತ್ತವೆ. ಯಂತ್ರ ಹಿಡಿದು ಕಾಡು ಕಡಿಯಲು ಬರುವ ಮನುಷ್ಯರು ಮಾತ್ರ ಅಗ್ಗದ ಟೀವಿ ಕಾರ್ಟೂನಿನ ಹಾಗೆ ಗಟ್ಟಿ ಗಟ್ಟಿಯಾಗಿ, ಬಿಗಿ ಬಿಗಿಯಾಗಿ ಚಲಿಸುತ್ತಾರೆ. ಅವರ ಯಜಮಾನನ ಮುಖ ಹಿಟ್ಲರನದು! ಗಮನಿಸಿದಿರಾ? ಆ ಅಗ್ಗದ ಶೈಲಿಯನ್ನು 1963ರಲ್ಲಿ ಟೀವಿಗೆ ತಂದವನು ಯಾರು? ಇದೇ ಟೆಜುಕಾ! ತನ್ನ ಕೈಯಿಂದಲೇ ತನ್ನ ಶೈಲಿಯನ್ನು ಖಳನ ಸ್ಥಾನದಲ್ಲಿ ನಿಲ್ಲಿಸಿದ.

ಆ ಹೊತ್ತಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಬೆಳೆಯುತ್ತಿತ್ತು. ಆ ಕಾಲದ ಜಪಾನಿನ ರೂಢಿಯಂತೆ ರೋಗಿಗೆ ಯಾರೂ ಹೇಳಲಿಲ್ಲ. ಡಾಕ್ಟರಿಕೆ ಓದಿದವನಿಗೆ ಗೊತ್ತಾಗದೆ ಇರುತ್ತದೆಯೇ? ಆಗ ಬರೆಯುತ್ತಿದ್ದ 'ನಿಯೋ ಫೌಸ್ಟ್'ನಲ್ಲಿ ಒಬ್ಬನಿಗೆ ಇದೇ ಕಾಯಿಲೆ, ಅವನಿಂದಲೂ ಮುಚ್ಚಿಡುತ್ತಾರೆ! ಆಸ್ಪತ್ರೆಯ ಹಾಸಿಗೆಯಲ್ಲೂ ಪೆನ್ಸಿಲ್ ಕೇಳುತ್ತಿದ್ದ. ದಯವಿಟ್ಟು ಕೆಲಸ ಮಾಡಲು ಬಿಡಿ ಎಂಬುದೇ ಕೊನೆಯ ಮಾತಾಗಿತ್ತೆಂದು ಹತ್ತಿರ ಇದ್ದವರು ಹೇಳುತ್ತಾರೆ. 1989ರ ಫೆಬ್ರವರಿ 9ರಂದು ತೀರಿಕೊಂಡ. ಆಗ ಬರೀ 60. ಬರೆದು ಬಿಟ್ಟುಹೋದ ಪುಟಗಳು ಸುಮಾರು ಒಂದೂವರೆ ಲಕ್ಷ!

ಎಲ್ಲರೂ ಕಣ್ಣೀರಿಟ್ಟು ಹೊಗಳುತ್ತಿದ್ದಾಗ ಒಬ್ಬ ಮಾತ್ರ ಮುಲಾಜಿಲ್ಲದೆ ಬರೆದ. ಆ ಹೊತ್ತಿಗಾಗಲೇ ದೊಡ್ಡ ನಿರ್ದೇಶಕನಾಗಿದ್ದ ಹಯಾವೊ ಮಿಯಾಜಾಕಿ. ಮಂಗಾದಲ್ಲಿ ಟೆಜುಕಾ ದೊಡ್ಡವನೇ, ಆದರೆ ಆನಿಮೇಷನ್‌ನಲ್ಲಿ ಮಾಡಿದ್ದು ತಪ್ಪು, ಅಂದು ಹಾಕಿಕೊಟ್ಟ ಅಗ್ಗದ ರೇಟು ಎಲ್ಲರ ಕುತ್ತಿಗೆಗೆ ಬಂತು ಎಂಬುದು ಅವನ ವಾದ. ಸತ್ತ ಮೂರೇ ತಿಂಗಳಿಗೆ ಹೀಗೆ ಬರೆಯಬಾರದಿತ್ತು ಎಂದು ಕೆಲವರು ಬೈದರು. ಆದರೆ ಅದೇ ಮಾತನ್ನು ಟೆಜುಕಾ ಆ ಕಾಡಿನ ಚಿತ್ರದಲ್ಲಿ ಮೊದಲೇ ಹೇಳಿ ಹೋಗಿರಲಿಲ್ಲವೇ?

ನಾಲ್ಕು ಭಾಗದ ಆ ಚಿತ್ರದಲ್ಲಿ ಒಂದು ಮತ್ತು ನಾಲ್ಕನ್ನು ಮಾತ್ರ ಅವನಿಗೆ ಮುಗಿಸಲು ಸಾಧ್ಯವಾದದ್ದು. 2014ರಲ್ಲಿ ಮಗ ಮಕೋತೊ ಎರಡನೆಯ ಭಾಗವನ್ನು ಪೂರ್ತಿ ಮಾಡಿ ತೆರೆಗೆ ತಂದ. ಅವನೂ ಸಿನಿಮಾ ನಿರ್ದೇಶಕನೇ. ಮಂಗಾ ಕಡೆ ಹೋಗಲಿಲ್ಲ!